ಒಡೆದ ಬೆಳಕು

ಮದುವೆಯ ಆಲ್ಬಮ್ ಕೈಗೆ ಬಂದ ಕೂಡಲೇ ಮದುಮಗಳ ಅಮ್ಮ ಮೊದಲು ನೋಡುವುದು ಮಗಳ ಮುಖ. ಆಮೇಲೆ ಸೀರೆ. ಇಷ್ಟು ವರ್ಷದಲ್ಲಿ ಇದು ತಪ್ಪಿದ್ದನ್ನು ನಾನು ಕಂಡಿಲ್ಲ. ಹೋದ ವರ್ಷ ಒಂದು ಮನೆಗೆ ಕರಿಜ್ಮಾ ಆಲ್ಬಮ್ ಕೊಡಲು ಹೋದಾಗಲೂ ಹಾಗೇ ಆಯಿತು. ಕೆನೆ ಬಣ್ಣದ ಧಾರೆ ಸೀರೆ, ಕೆಂಪು ಅಂಚು. ಹುಡುಗಿ ಮಂಟಪದ ಪಕ್ಕ ಒಬ್ಬಳೇ ನಿಂತಿದ್ದಾಳೆ, ತಲೆಯಿಂದ ಪಾದದವರೆಗಿನ ಫೋಟೊ. ಆ ತಾಯಿ ಪುಟ ತಿರುಗಿಸುವುದನ್ನು ನಿಲ್ಲಿಸಿ ನೆರಿಗೆಯ ಮೇಲೆ ಬೆರಳಿಟ್ಟರು. "ಇಲ್ಲಿ ನೀಲಿ ಜಾಸ್ತಿ ಆದ ಹಾಗಿದೆ, ಅಲ್ವಾ? ಬಿಳಿ ಪಂಚೆಗೆ ನೀಲಿ ಹಾಕುವಾಗ ಒಂದೇ ಕಡೆ ಕೂತ್ಕೊಂಡುಬಿಡುತ್ತಲ್ಲ, ಹಾಗೆ" ಅಂದರು. ದೂರಿನ ದನಿಯಲ್ಲಿ ಹೇಳಲಿಲ್ಲ. ಕಂಡದ್ದನ್ನು ಹೇಳಿದರು, ಅಷ್ಟೇ.

ನೋಡಿದೆ. ಸೊಂಟದವರೆಗೆ ಸೀರೆ ಸರಿಯಾಗಿತ್ತು. ಮೊಣಕಾಲಿನ ಕೆಳಗೆ ನೆರಿಗೆಗಳು ನೀಲಿಗಟ್ಟಿದ್ದವು. ಆ ಫೋಟೊ ಮೇಲೆ ಕೆಲಸ ಮಾಡಿದ ರಾತ್ರಿ ನನಗೆ ಚೆನ್ನಾಗಿ ನೆನಪಿತ್ತು. ಸ್ಕ್ರೀನ್‌ನಲ್ಲಿ ನೆರಿಗೆಯ ಕೆಳಭಾಗ ಹಳದಿಯಾಗಿ ಕಂಡಿತ್ತು. ಮಂಟಪದ ವಿಡಿಯೊ ಲೈಟಿನ ಹಳದಿ ಬಿದ್ದಿರಬೇಕು ಅಂದುಕೊಂಡು ಬ್ರಷ್ ಹಿಡಿದು ಅಷ್ಟು ಜಾಗದ ಹಳದಿ ತೆಗೆದಿದ್ದೆ. ಆಲ್ಬಮ್ ತಿರುವಿ ಹಾಕಿದೆ. ನಿಂತ ಫೋಟೊ ಇನ್ನೂ ಮೂರು ಇದ್ದವು. ಮೂರರಲ್ಲೂ ಕೆಳಗೆ ಅದೇ ನೀಲಿ. ಕೂತ ಫೋಟೊ, ಅಡ್ಡ ಫೋಟೊ ಯಾವುದರಲ್ಲೂ ಇಲ್ಲ. ಪ್ರಿಂಟಿಂಗ್ ಲ್ಯಾಬ್ ತಪ್ಪು ಮಾಡಿದ್ದರೆ ಎಲ್ಲ ಪುಟದಲ್ಲೂ ಕಾಣಬೇಕಿತ್ತು. ನಿಂತ ಫೋಟೊ ಮಾತ್ರ ನನ್ನ ಸ್ಕ್ರೀನಿನ ಮೇಲಿನ ತುದಿಯಿಂದ ಕೆಳಗಿನ ತುದಿಗೆ ತುಂಬಿಕೊಳ್ಳುತ್ತದೆ. ಆ ಪುಟಗಳನ್ನು ಮತ್ತೆ ಪ್ರಿಂಟ್ ಮಾಡಿಸಿ ಕೊಡುತ್ತೇನೆ ಅಂತ ಹೇಳಿ ಆಲ್ಬಮ್ ವಾಪಸ್ ತಂದೆ. ಮನೆಗೆ ಬರುವ ದಾರಿಯಲ್ಲೇ ಗೊತ್ತಾಗಿತ್ತು, ತಪ್ಪು ಹೊಸ ಕಂಪ್ಯೂಟರಿನಲ್ಲಿದೆ ಎಂದು. ಅದನ್ನು ಕೊಂಡು ಆಗ ಆರು ವಾರ ಆಗಿತ್ತು.

ಬೂದು ಚೌಕ

27 ಇಂಚಿನ, ಎಲ್ಲವೂ ಸ್ಕ್ರೀನಿನೊಳಗೇ ಕೂತ ಡೆಸ್ಕ್‌ಟಾಪ್ ಅದು. ಎರಡು ಮದುವೆ ಸೀಸನ್ನಿನ ದುಡ್ಡು ಕೂಡಿಸಿ ತಂದಿದ್ದೆ. ಬಿಳಿ ಪುಟ ತೆರೆದು ನೋಡಿದರೆ ಏನೂ ಕಾಣುತ್ತಿರಲಿಲ್ಲ. ನಮ್ಮನೆಯವರು ಹಿಂದೆ ಬಂದು ನಿಂತರು. "ನಂಗೇನೂ ಕಾಣಿಸ್ತಿಲ್ಲ ಕಣೆ" ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಮೇಲಿಂದ ಕೆಳಗೆ ನಿಧಾನವಾಗಿ ಬದಲಾಗುವ ಬಣ್ಣವನ್ನು ಕಣ್ಣು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗೆರೆ ಇದ್ದರೆ, ಅಂಚು ಇದ್ದರೆ ತಕ್ಷಣ ಹಿಡಿಯುತ್ತದೆ, ಇದ್ದುದಕ್ಕಿಂತ ಜೋರಾಗಿಯೇ ತೋರಿಸುತ್ತದೆ. ಎರ್ನ್‌ಸ್ಟ್ ಮಾಖ್ ಎಂಬ ವಿಜ್ಞಾನಿ 1865ರಲ್ಲೇ ಇದನ್ನು ಗುರುತಿಸಿದ್ದರು. ಇಳಿಜಾರು ಮೆಲ್ಲಗಿದ್ದರೆ ಮಾತ್ರ ಕಣ್ಣು ಸುಮ್ಮನಾಗುತ್ತದೆ. ಬೆಳಗ್ಗೆ ಕಿಟಕಿಯ ಪಕ್ಕದ ಗೋಡೆ ನೋಡಿ. ಕಿಟಕಿ ಹತ್ತಿರ ಇರುವ ಬೆಳಕಿನ ಅರ್ಧವೂ ಮೂಲೆಯಲ್ಲಿರುವುದಿಲ್ಲ. ಆದರೂ ಗೋಡೆಯ ಬಣ್ಣ ಒಂದೇ ಅಂತಲೇ ನಮಗನಿಸುತ್ತದೆ.

ಹಾಗಾಗಿ ಇಳಿಜಾರನ್ನು ಅಂಚಾಗಿ ಮಾಡಬೇಕು. ಸ್ಕ್ರೀನ್ ಪೂರ್ತಿ ಕಪ್ಪು ಮಾಡಿದೆ. ನಡುವೆ ಅಂಗೈ ಅಗಲದ ಒಂದು ಬೂದು ಚೌಕ ಇಟ್ಟೆ. 0ಯಿಂದ 255ರವರೆಗಿನ ಅಳತೆಯಲ್ಲಿ ಕೆಂಪು, ಹಸಿರು, ನೀಲಿ ಮೂರೂ 128. ಕೋಣೆಯ ಪರದೆ ಎಳೆದು, ಮೌಸಿನಲ್ಲಿ ಆ ಚೌಕ ಹಿಡಿದು ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಬೇಗ ಎಳೆದೆ. ಮೇಲೆ ಅದು ಬೂದಿಯ ಬಣ್ಣ. ಕೆಳಗೆ ಬರುವಷ್ಟರಲ್ಲಿ ಹಾಲು ಹಾಕಿದ ಟೀಯ ನೊರೆಯ ಬಣ್ಣ. ಮತ್ತೆ ಮೇಲೆ ಒಯ್ದರೆ ಬೂದಿ. "ಓ" ಅಂದರು ನಮ್ಮನೆಯವರು.

ಅಲ್ಲಿಗೇ ನಿಲ್ಲಿಸಲಿಲ್ಲ. ರಾತ್ರಿ ಹೊತ್ತು ಬಣ್ಣವನ್ನು ಬೆಚ್ಚಗೆ ಮಾಡುವ ಸೆಟ್ಟಿಂಗ್ ಆನ್ ಆಗಿರಬಹುದೇ ಅಂತ ನೋಡಿದೆ. ಆಫ್ ಇತ್ತು. ಅದು ಆನ್ ಇದ್ದರೂ ಸ್ಕ್ರೀನ್ ಪೂರ್ತಿ ಹಳದಿಯಾಗಬೇಕು, ಕೆಳಗೆ ಮಾತ್ರ ಅಲ್ಲ. ನೋಡುವ ಕೋನದಿಂದ ಹೀಗಾಗುತ್ತಿದೆಯಾ ಅಂತ ಕುರ್ಚಿ ಸರಿಸಿ ನೆಲದ ಮೇಲೆ ಕೂತು, ಕಣ್ಣನ್ನು ಸ್ಕ್ರೀನಿನ ಕೆಳ ಅಂಚಿನ ನೇರಕ್ಕೆ ತಂದೆ. ಕೋನದ ತೊಂದರೆಯಾಗಿದ್ದರೆ ಹಳದಿ ಜಾಗ ಬದಲಿಸಬೇಕಿತ್ತು. ಅಲ್ಲೇ ಇತ್ತು. ಆನ್ ಮಾಡಿ ಅರ್ಧ ಗಂಟೆ ಬಿಸಿಯಾಗಲು ಬಿಟ್ಟೆ. ಆಗಲೂ ಅಲ್ಲೇ ಇತ್ತು. ಆಗ ದೊಡ್ಡಪ್ಪನ ಮಾತು ಬಾಯಿಗೆ ಬಂತು. "ಬೆಳಕು ಒಡೆದಿದೆ."

ದೊಡ್ಡಪ್ಪನ ಪೆಟ್ಟಿಗೆ

ತೀರ್ಥಹಳ್ಳಿಯಲ್ಲಿ ದೊಡ್ಡಪ್ಪನ ಸ್ಟುಡಿಯೊ ಇತ್ತು. ನಾನು ನೋಡುವಾಗ 1980ರ ದಶಕ ಮುಗಿಯುತ್ತಾ ಬಂದಿತ್ತು. ಕಲರ್ ಬಂದಿದ್ದರೂ ಪಾಸ್‌ಪೋರ್ಟ್ ಸೈಜಿಗೆ, ಶಾಲೆಯ ಗ್ರೂಪ್ ಫೋಟೊಗೆ ಇನ್ನೂ ಕಪ್ಪು-ಬಿಳುಪೇ. ಡಾರ್ಕ್ ರೂಮಿನ ಬಾಗಿಲ ಪಕ್ಕ ಒಂದು ಮೇಜು. ಮೇಜಿನ ಮೇಲೆ ಒಂದು ಮರದ ಪೆಟ್ಟಿಗೆ. ಊರಿನ ಆಚಾರ್ರಿಂದ ಮಾಡಿಸಿದ್ದು. ಒಳಗೆಲ್ಲ ಬಿಳಿ ಪೇಂಟು, ತಳದಲ್ಲಿ ಎರಡು ಅಡಿಯ ಟ್ಯೂಬ್‌ಲೈಟು, ಮೇಲೆ ಹಾಲಿನ ಬಣ್ಣದ ಗಾಜು. ನೆಗೆಟಿವನ್ನು ಆ ಗಾಜಿನ ಮೇಲಿಟ್ಟು ಬೆನ್ನು ಬಗ್ಗಿಸಿ ಕೂತು ಟಚಿಂಗ್ ಮಾಡುತ್ತಿದ್ದರು. ಚೂಪು ಪೆನ್ಸಿಲ್ಲು, ಅರ್ಧ ಮುರಿದ ಬ್ಲೇಡು, ಒಂದು ಭೂತಗನ್ನಡಿ. ಮುಖದ ಸುಕ್ಕು, ಮೊಡವೆಯ ಗುರುತು ಅಲ್ಲೇ ಮಾಯವಾಗುತ್ತಿದ್ದವು.

ಗಾಜಿನ ಮೇಲೆ ಬೆಳಕು ಒಂದೇ ಸಮ ಇರಬೇಕು. ಅದೇ ಅವರಿಗೆ ದೊಡ್ಡ ಚಿಂತೆ. ಟ್ಯೂಬ್‌ಲೈಟ್ ಇರುವ ಕಡೆ ಒಂದು ಬಿಳಿ ಪಟ್ಟಿ ಎದ್ದು ಕಾಣುತ್ತಿತ್ತು. ಹಳೆಯದಾದ ಹಾಗೆ ಟ್ಯೂಬಿನ ಎರಡು ತುದಿ ಕಪ್ಪಾಗಿ ಅಲ್ಲಿ ಮಂಕು. ಇದಕ್ಕೆ ಅವರು ಬಟರ್ ಪೇಪರ್ ಹಚ್ಚುತ್ತಿದ್ದರು. ಗಾಜಿನ ಕೆಳಗೆ ಪೂರ್ತಿ ಒಂದು ಪದರ. ನಡುವೆ ಪಟ್ಟಿ ಕಾಣುವಲ್ಲಿ ಇನ್ನೊಂದು. ಅದೂ ಸಾಲದಿದ್ದರೆ ಸಣ್ಣಗೆ ಕತ್ತರಿಸಿದ ಮೂರನೆಯದು. ಪೇಪರ್ ಕತ್ತರಿಸುವ ಕೆಲಸ ನನ್ನದು. "ಅಂಚು ನೇರ ಕತ್ತರಿಸಬೇಡ, ಹರಿ. ನೇರ ಕತ್ತರಿಸಿದರೆ ಗೆರೆ ಕಾಣತ್ತೆ" ಅನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ಕೋಣೆಯ ದೀಪ ಆರಿಸಿ, ಕಣ್ಣು ಅರ್ಧ ಮುಚ್ಚಿ ಗಾಜನ್ನು ನೋಡುತ್ತಿದ್ದರು. ಸರಿ ಬಂದಿಲ್ಲದಿದ್ದರೆ ಒಂದೇ ಮಾತು. "ಒಡೆದಿದೆ." ಹಾಲು ಒಡೆಯುವ ಹಾಗೆ ಬೆಳಕೂ ಒಡೆಯುತ್ತದೆ ಅಂತ ನಾನು ಆಗ ನಂಬಿದ್ದೆ. ಈಗಲೂ ಅದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ. ಡಿಸ್‌ಪ್ಲೇ ಕಾರ್ಖಾನೆಗಳವರು ಇದಕ್ಕೆ ಮುರಾ ಅನ್ನುತ್ತಾರೆ. ಏರುಪೇರು ಅನ್ನುವ ಅರ್ಥದ ಜಪಾನಿ ಮಾತು. ಜಗತ್ತಿನ ಎಲ್ಲ ಕಡೆ ಅದೇ ಬಳಕೆಯಲ್ಲಿದೆ.

ಒಂದು ಸಂಜೆ ಇನ್ನೂ ಕಣ್ಣ ಮುಂದಿದೆ. ಮುಂಗಾರಿನ ಮೊದಲ ಮಳೆ ಬಿದ್ದು ಎರಡು ದಿನ ಆಗಿತ್ತು. ದೊಡ್ಡಪ್ಪ ಒಬ್ಬ ಅಜ್ಜನ ನೆಗೆಟಿವ್ ಇಟ್ಟುಕೊಂಡಿದ್ದರು. ಪಿಂಚಣಿ ಪುಸ್ತಕಕ್ಕೆ ಬೇಕಾದ ಫೋಟೊ. ಎಡಗಣ್ಣಿನ ಕೆಳಗೆ ಅಕ್ಕಿಕಾಳಿನಷ್ಟು ಉದ್ದದ ಒಂದು ಮಂಕು ಕಲೆ. ನೆಗೆಟಿವ್‌ನಲ್ಲಿ ಕಪ್ಪಾಗಿ ಕಂಡದ್ದು ಪ್ರಿಂಟಿನಲ್ಲಿ ಬಿಳಿಯಾಗಿ ಬರುತ್ತದೆ. ಅದನ್ನು ಬ್ಲೇಡಿನ ತುದಿಯಿಂದ ಕೆರೆದು ತೆಗೆಯಬೇಕು. ಕೆರೆದರೆ ಮುಗಿಯಿತು, ಮತ್ತೆ ತುಂಬಲು ಬರುವುದಿಲ್ಲ. ದೊಡ್ಡಪ್ಪ ಬ್ಲೇಡ್ ಎತ್ತಿಕೊಂಡರು. ನೆಗೆಟಿವ್ ಹತ್ತಿರ ತಂದರು. ಅಲ್ಲೇ ನಿಲ್ಲಿಸಿ ಕೆಳಗಿಟ್ಟರು. ಎರಡು ಬೆರಳಲ್ಲಿ ನೆಗೆಟಿವಿನ ಅಂಚು ಹಿಡಿದು ಅದನ್ನು ತಲೆಕೆಳಗು ಮಾಡಿದರು. ಅಜ್ಜನ ಗಲ್ಲ ಮೇಲೆ ಬಂತು, ಹಣೆ ಕೆಳಗೆ ಹೋಯಿತು. ಕಲೆ ಮಾತ್ರ ಕಣ್ಣಿನ ಜೊತೆ ಹೋಗಲಿಲ್ಲ. ಇದ್ದಲ್ಲೇ ಇತ್ತು. ಈಗ ಅದು ಅಜ್ಜನ ಕಾಲರಿನ ಮೇಲೆ ಕೂತಿತ್ತು.

ಗಾಜು ಎತ್ತಿ ನೋಡಿದರೆ ಬಟರ್ ಪೇಪರಿಗೂ ಗಾಜಿಗೂ ನಡುವೆ ಮಳೆಹುಳದ ಒಂದು ರೆಕ್ಕೆ. ಅದನ್ನು ಉಗುರಿನಲ್ಲಿ ತೆಗೆದು ನನ್ನ ಅಂಗೈಗೆ ಹಾಕಿದರು. "ಮೊದಲು ತಿರುಗಿಸಿ ನೋಡಬೇಕು. ಕಲೆ ತಿರುಗಿದರೆ ನೆಗೆಟಿವಿನದು. ಅಲ್ಲೇ ಇದ್ದರೆ ಪೆಟ್ಟಿಗೆಯದು. ಗೊತ್ತಾಗದೆ ಬ್ಲೇಡ್ ಹಚ್ಚಬಾರದು." ಇಷ್ಟೇ ಹೇಳಿದ್ದು. ನಾನು ಆ ಧಾರೆ ಸೀರೆಯ ಫೋಟೊವನ್ನು ಒಂದು ಸಲ ತಲೆಕೆಳಗು ಮಾಡಿದ್ದರೆ ಸಾಕಿತ್ತು. ಹಳದಿ ನೆರಿಗೆ ಬಿಟ್ಟು ಹುಡುಗಿಯ ಮುಖಕ್ಕೆ ಬರುತ್ತಿತ್ತು. ಎರಡು ಗುಂಡಿ ಒತ್ತುವ ಕೆಲಸ ಅದು.

ಅಂಚಿನಿಂದ ಬರುವ ಬೆಳಕು

ನಮ್ಮ ಬೀದಿಯ ಕೊನೆಗೆ ಟಿವಿ ರಿಪೇರಿ ಅಂಗಡಿ ಇದೆ. ಮಕ್ಕಳು ಚೆಂಡು ಹೊಡೆದು ಒಡೆದ ಟಿವಿಗಳು ಅಲ್ಲಿ ಗೋಡೆಗೆ ಒರಗಿ ನಿಂತಿರುತ್ತವೆ. ಸ್ಕ್ರೀನ್ ಒಳಗೆ ಏನಿರುತ್ತದೆ ತೋರಿಸಿ ಅಂತ ಕೇಳಿದೆ. ಅಂಗಡಿಯವರು ಒಂದು ಹಳೆಯ ಕಂಪ್ಯೂಟರ್ ಮಾನಿಟರ್ ಎಳೆದು ತಂದು, ಒಂದೊಂದೇ ಹಾಳೆ ಬಿಚ್ಚಿ ಬೆಂಚಿನ ಮೇಲೆ ಹಾಸಿದರು. ಮುಂದಿನ ಗಾಜು, ಅದೇ ಎಲ್‌ಸಿಡಿ. ಚಿತ್ರ ಮೂಡುವುದು ಅದರಲ್ಲಿ, ಆದರೆ ಅದಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಬಂದ ಬೆಳಕನ್ನು ಎಲ್ಲೆಲ್ಲಿ ಎಷ್ಟೆಷ್ಟು ಬಿಡಬೇಕು ಅನ್ನುವುದಷ್ಟೇ ಅದರ ಕೆಲಸ. ಬಿಡುವುದೂ ಕಡಿಮೆಯೇ, ಹತ್ತರಲ್ಲಿ ಒಂದು ಪಾಲೂ ಹೊರಗೆ ಬರುವುದಿಲ್ಲ. ಅದರ ಹಿಂದೆ ತೆಳ್ಳಗಿನ ಮೂರು ಪ್ಲಾಸ್ಟಿಕ್ ಹಾಳೆ. ಒಂದಕ್ಕೆ ಬೆರಳು ಸವರಿದರೆ ಸಣ್ಣ ಗೀರು ಗೀರು ತಾಗುತ್ತದೆ. ಬೆಳಕನ್ನು ನೇರ ಮುಂದಕ್ಕೆ ತಿರುಗಿಸುವ ಹಾಳೆ ಅದು. ಇನ್ನೊಂದು ಹಾಳೆ ಬೆಳ್ಳಗೆ, ಮಬ್ಬಾಗಿ ಇತ್ತು. ಅದನ್ನು ಬಾಗಿಲ ಬೆಳಕಿಗೆ ಹಿಡಿದೆ. ದೊಡ್ಡಪ್ಪನ ಬಟರ್ ಪೇಪರ್! ಅದೇ ಮಬ್ಬು, ಅದೇ ಕೆಲಸ.

ಕೊನೆಗೆ ಒಂದು ದಪ್ಪ ಅಕ್ರಿಲಿಕ್ ಹಲಗೆ. ದೀಪಗಳು ಅದರ ಹಿಂದಿಲ್ಲ, ಒಂದು ಅಂಚಿಗೆ ಅಂಟಿಕೊಂಡಿವೆ. ಸಾಸಿವೆಗಿಂತ ಸ್ವಲ್ಪ ದೊಡ್ಡ ಎಲ್‌ಇಡಿಗಳ ಒಂದು ಸಾಲು. ಅವುಗಳ ಬೆಳಕು ಹಲಗೆಯ ಅಂಚಿನಿಂದ ಒಳಗೆ ನುಗ್ಗಿ, ಎರಡು ಮೈಗೂ ಬಡಿದು ಬಡಿದು ಆ ತುದಿಗೆ ಹೋಗುತ್ತದೆ. ಹಲಗೆಯ ಹಿಂಬದಿಗೆ ಬಿಳಿ ಚುಕ್ಕಿಗಳನ್ನು ಅಚ್ಚು ಹಾಕಿರುತ್ತಾರೆ. ಚುಕ್ಕಿಗೆ ಬಡಿದ ಬೆಳಕು ಚೆದುರಿ ಹೊರಗೆ ಬರುತ್ತದೆ. ದೀಪದ ಹತ್ತಿರ ಚುಕ್ಕಿ ಸಣ್ಣ, ದೂರ ದೂರ. ಆಚೆ ತುದಿಯಲ್ಲಿ ದೊಡ್ಡದು, ಒತ್ತೊತ್ತಾಗಿ. ಹತ್ತಿರ ಬೆಳಕು ಧಾರಾಳ ಇರುತ್ತದೆ, ಕಡಿಮೆ ಬಿಟ್ಟರೆ ಸಾಕು. ದೂರದಲ್ಲಿ ಉಳಿದಿರುವುದೇ ಕಡಿಮೆ, ಇದ್ದಷ್ಟನ್ನೂ ಹೊರಗೆ ತೆಗೆಯಬೇಕು. ಹಲಗೆಯನ್ನು ಓರೆ ಮಾಡಿ ಹಿಡಿದರೆ ಚುಕ್ಕಿಗಳು ಮಂಡಕ್ಕಿ ಚೆಲ್ಲಿದ ಹಾಗೆ ಒಂದು ಕಡೆ ವಿರಳ, ಒಂದು ಕಡೆ ದಟ್ಟ. ಮದುವೆ ಕಾರ್ಡಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು ನಮ್ಮೂರಲ್ಲೂ ಇದ್ದಾರೆ. ಅವರ ಕೈಗೆ ಇದನ್ನು ಕೊಟ್ಟರೆ ಎಷ್ಟು ಕಷ್ಟದ ಕೆಲಸ ಅಂತ ಅವರೇ ಹೇಳಿಯಾರು.

ಇನ್ನು ಹಳದಿಯ ವಿಷಯ. ಮೊದಲೆಲ್ಲ ಎಲ್‌ಸಿಡಿಗಳ ಹಿಂದೆ ಪೆನ್ಸಿಲಿಗಿಂತ ತೆಳ್ಳಗಿನ ಟ್ಯೂಬ್‌ಲೈಟ್ ಇರುತ್ತಿತ್ತು. ಈಗ ಎಲ್‌ಇಡಿ. ಬಿಳಿ ಎಲ್‌ಇಡಿ ಅನ್ನುವುದು ನಿಜಕ್ಕೂ ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಹೊಮ್ಮಿಸುವ ಒಂದು ಪುಡಿ ಮೆತ್ತಿರುತ್ತಾರೆ. ಸ್ವಲ್ಪ ನೀಲಿ ಹಾಗೇ ಹೊರಗೆ ಬರುತ್ತದೆ, ಸ್ವಲ್ಪ ಹಳದಿಯಾಗುತ್ತದೆ. ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಆ ನೀಲಿ ದೀಪ ಮಾಡುವುದೇ ಬಹಳ ಕಾಲ ಯಾರಿಗೂ ಸಾಧ್ಯವಾಗಿರಲಿಲ್ಲ. ಮಾಡಿ ತೋರಿಸಿದ ಅಕಾಸಾಕಿ, ಅಮಾನೊ, ನಕಮುರಾ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅಜ್ಜಿ ಹಳದಿಗಟ್ಟಿದ ಪಂಚೆಯನ್ನು ನೀಲಿ ನೀರಿಗೆ ಅದ್ದಿ ಬೆಳ್ಳಗೆ ಮಾಡುತ್ತಿದ್ದಳಲ್ಲ, ಅಲ್ಲೂ ಹಳದಿಯನ್ನು ಅಡಗಿಸುವುದು ನೀಲಿಯೇ. ಬೆಳಕಿನಲ್ಲಿ ಹಳದಿಗೆ ನೀಲಿ ಸೇರಿದರೆ ಬಿಳಿ. ನೀಲಿ ಒಂದು ಚೂರು ಕಡಿಮೆಯಾದರೆ ಹಳದಿ ತಲೆ ಎತ್ತುತ್ತದೆ. ಅಕ್ರಿಲಿಕ್ ಹಲಗೆಯೊಳಗೆ ಬಡಿದು ಬಡಿದು ಹೋಗುವ ಬೆಳಕಿನಲ್ಲಿ ಬೇರೆ ಬಣ್ಣಗಳಿಗಿಂತ ನೀಲಿ ಸ್ವಲ್ಪ ಜಾಸ್ತಿ ಸವೆಯುತ್ತದೆ. ಹಾಗಾಗಿ ದೀಪದಿಂದ ದೂರದ ತುದಿ ಹಳದಿಯ ಕಡೆ ವಾಲುತ್ತದೆ. ಹೀಗೆ ಅಂಚಿನಿಂದ ಬೆಳಕು ಬರುವ ಸ್ಕ್ರೀನುಗಳಲ್ಲಿ ಇದು ಅಷ್ಟೋ ಇಷ್ಟೋ ಇರುತ್ತದೆ. ನನ್ನದರಲ್ಲಿ ಮಿತಿ ಮೀರಿತ್ತು. ಧಾರೆ ಸೀರೆ ನೋಡಿದ ಆ ತಾಯಿ ಪಂಚೆಗೆ ಹಾಕುವ ನೀಲಿಯ ಮಾತು ತೆಗೆದದ್ದು ಎಷ್ಟು ಸರಿಯಾಗಿತ್ತು ಅಂತ ಆಗ ಅರ್ಥವಾಯಿತು. ನಾನು ಮಾಡಿದ್ದು ಅಕ್ಷರಶಃ ಅದೇ. ಇಲ್ಲದ ಹಳದಿಗೆ ನೀಲಿ ಹಾಕಿದ್ದೆ.

"ಸ್ಕ್ರೀನ್‌ಶಾಟ್ ಕಳಿಸಿ"

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ತೊಂದರೆ ಹೇಳಿದೆ. ಆ ಕಡೆಯಿಂದ "ಸ್ಕ್ರೀನ್‌ಶಾಟ್ ಕಳಿಸಿ ಮೇಡಂ" ಅಂದರು. ಸ್ಕ್ರೀನ್‌ಶಾಟ್ ತೆಗೆದರೆ ಬರುವುದು ಕಂಪ್ಯೂಟರ್ ಕಳಿಸುವ ಚಿತ್ರ. ಅದು ಶುದ್ಧವಾಗಿಯೇ ಇದೆ. ಕೆಟ್ಟಿರುವುದು ಅದರ ಹಿಂದಿನ ಬೆಳಕು. ಇಷ್ಟನ್ನು ಅರ್ಥ ಮಾಡಿಸಲು ಮೂರು ಫೋನ್ ಕರೆ ಬೇಕಾಯಿತು. ನನಗೆ ಬೇಸರವಾದದ್ದು ತಡವಾಗಿದ್ದಕ್ಕಲ್ಲ. ಪ್ರತಿ ಸಲವೂ ಮಾತು ನನ್ನ ಕಣ್ಣಿನ ಕಡೆಗೇ ತಿರುಗುತ್ತಿತ್ತು. ನಿಮಗೆ ಹಾಗೆ ಕಾಣುತ್ತಿರಬಹುದು, ಅಂದರು. ಸ್ವಲ್ಪ ದಿನ ಬಳಸಿ ರೂಢಿಯಾಗುತ್ತದೆ, ಅಂದರು. ಹೌದು, ರೂಢಿಯಾಗುತ್ತದೆ. ನನಗೆ ಭಯ ಇದ್ದದ್ದೂ ಅದಕ್ಕೇ. ಆರು ವಾರದಲ್ಲಿ ರೂಢಿಯಾಗಿಯೇ ನಾನು ನಾಲ್ಕು ಫೋಟೊ ಹಾಳು ಮಾಡಿದ್ದೆ.

ಫೋನಿನಲ್ಲಿ ಸ್ಕ್ರೀನಿನ ಫೋಟೊ ತೆಗೆದು ಕಳಿಸಿದರೂ ಸಾಲದು. ಕತ್ತಲ ಕೋಣೆಯಲ್ಲಿ ಕಪ್ಪು ಸ್ಕ್ರೀನ್ ತೆಗೆದರೆ ಫೋನು ತಾನೇ ಬೆಳಕು ಏರಿಸಿಕೊಂಡು, ಇಲ್ಲದ ಬೆಂಕಿಯನ್ನು ಮೂಲೆಯಲ್ಲಿ ತೋರಿಸುತ್ತದೆ. ಅದನ್ನು ನೋಡಿದವರು ನಂಬುವುದಿಲ್ಲ, ನಂಬಲೂಬಾರದು. ಹಾಗಾಗಿ ಕ್ಯಾಮೆರಾದ ಎಲ್ಲ ಸೆಟ್ಟಿಂಗ್ ಕೈಯಲ್ಲಿ ಹಿಡಿದೆ. ಬೆಳಕು, ಬಣ್ಣ ಎರಡೂ ಲಾಕ್ ಮಾಡಿ, ಸ್ಕ್ರೀನ್ ತುಂಬ ಬೂದು ಬಣ್ಣ ಹಾಕಿ, ಫೋನನ್ನು ಎರಡು ಮೀಟರ್ ದೂರ ಸ್ಟ್ಯಾಂಡಿಗೆ ಸಿಕ್ಕಿಸಿ, ಫೋಕಸ್ ಸ್ವಲ್ಪ ತಪ್ಪಿಸಿ ತೆಗೆದೆ. ಫೋಕಸ್ ಸರಿಯಿದ್ದರೆ ಸ್ಕ್ರೀನಿನ ಪಿಕ್ಸೆಲ್‌ಗಳಿಂದ, ಅಂದರೆ ಚಿತ್ರ ಮೂಡಿಸುವ ಚುಕ್ಕಿಗಳಿಂದ, ಅಲೆ ಅಲೆ ಗೆರೆ ಬಂದುಬಿಡುತ್ತದೆ. ಆಮೇಲೆ ಫೋನನ್ನು ತಲೆಕೆಳಗು ಮಾಡಿ ಇನ್ನೊಂದು ಸಲ ತೆಗೆದೆ. ಫೋನಿನ ಲೆನ್ಸಿಗೂ ಮೂಲೆಗಳಲ್ಲಿ ಮಂಕಾಗುವ ಚಾಳಿ ಇರುತ್ತದೆ. ಕಲೆ ಫೋನಿನ ಜೊತೆ ತಿರುಗಿದರೆ ಫೋನಿನದು, ಸ್ಕ್ರೀನಿನ ಕೆಳಗೇ ಉಳಿದರೆ ಸ್ಕ್ರೀನಿನದು. ಎರಡೂ ಫೋಟೊದಲ್ಲಿ ಅದು ಸ್ಕ್ರೀನಿನ ಕೆಳಗೇ ಇತ್ತು. ಅಂಕಿ ಓದಿದೆ. ಮೇಲಿನ ಅಂಚಿನಲ್ಲಿ ನೀಲಿ 131, ಕೆಳಗಿನ ಅಂಚಿನಲ್ಲಿ 114. ಹಸಿರು ಹೆಚ್ಚೂಕಡಿಮೆ ಅಷ್ಟಕ್ಕಷ್ಟೇ.

ಎಂಜಿನಿಯರ್ ಬಂದ. ಇಪ್ಪತ್ತೈದು ದಾಟಿರದ ಹುಡುಗ. ಮಳೆಯಲ್ಲಿ ನೆನೆದ ರೇನ್‌ಕೋಟನ್ನು ಜಗಲಿಯ ಕಂಬಕ್ಕೆ ನೇತುಹಾಕಿ, ಕೈ ಒರೆಸಿಕೊಂಡು ಒಳಗೆ ಬಂದ. ಸ್ಕ್ರೀನ್ ನೋಡಿದ. "ಚೆನ್ನಾಗೇ ಇದೆಯಲ್ಲ ಮೇಡಂ, ಇದು ಸ್ಪೆಕ್ ಒಳಗೇ ಬರುತ್ತೆ" ಅಂದ. ಸ್ಪೆಕ್ ಅಂದರೆ ಕಂಪನಿ ಒಪ್ಪುವ ಮಿತಿ. ಯಾವ ಸ್ಪೆಕ್ ಅಂತ ಕೇಳಿದೆ. ಅವನು ಮೊಬೈಲಿನಲ್ಲಿ ಪಟ್ಟಿ ತೆಗೆದು ತೋರಿಸಿದ. ಸತ್ತ ಪಿಕ್ಸೆಲ್ ಎಷ್ಟಿದ್ದರೆ ಬದಲಿಸಬೇಕು ಅನ್ನುವುದು ಅದರಲ್ಲಿತ್ತು. ಗೆರೆ ಬಂದರೆ, ಡಿಸ್‌ಪ್ಲೇ ಬಾರದಿದ್ದರೆ, ಗಾಜು ಒಡೆದಿದ್ದರೆ ಏನು ಮಾಡಬೇಕು ಅನ್ನುವುದೂ ಇತ್ತು. ಬೆಳಕಿನ ಏರುಪೇರಿಗೆ ಅಂಕಣವೇ ಇರಲಿಲ್ಲ. 36 ಲಕ್ಷಕ್ಕೂ ಹೆಚ್ಚು ಚುಕ್ಕಿಗಳಲ್ಲಿ ಬೆರಳೆಣಿಕೆಯಷ್ಟು ಸತ್ತರೆ ಅದಕ್ಕೆ ಲೆಕ್ಕ ಇದೆ. ಕೆಳಗಿನ ಕಾಲು ಭಾಗ ಪೂರ್ತಿ ಬಣ್ಣ ತಪ್ಪಿದರೆ ಲೆಕ್ಕ ಇಲ್ಲ. ಚುಕ್ಕಿಯನ್ನು ಎಣಿಸಬಹುದು, ಅದಕ್ಕೇ ಅದು ಪಟ್ಟಿಗೆ ಬಂತು.

ನಾನು ವಾದ ಮಾಡಲಿಲ್ಲ. ಕಿಟಕಿಯ ಪರದೆ ಎಳೆದೆ. ಕುರ್ಚಿ ಅವನಿಗೆ ಕೊಟ್ಟೆ. ಮೌಸ್ ಅವನ ಕೈಗೇ ಕೊಟ್ಟು "ಈ ಚೌಕ ಹಿಡಿದು ಮೇಲಿಂದ ಕೆಳಗೆ ಎಳಿ ಮಾರಾಯ" ಅಂದೆ. ಎಳೆದ. ಏನೂ ಹೇಳಲಿಲ್ಲ. ಮತ್ತೆ ಮೇಲೆ ಒಯ್ದ. ಮೂರನೇ ಸಲ ಸ್ವಲ್ಪ ಜೋರಾಗಿ ಎಳೆದ. "ಹೌದು ಮೇಡಂ. ಕಾಣ್ತಿದೆ" ಅಂದ. ಆಮೇಲೆ ಅವನ ಮುಖವೇ ಬೇರೆಯಾಯಿತು. ಸ್ಕ್ರೀನಿನ ಮೇಲಿನ ಅಂಚಿನ ಉದ್ದಕ್ಕೂ ಬೆರಳು ಎಳೆದು "ಈ ಮಾಡೆಲ್‌ನಲ್ಲಿ ಲೈಟ್ ಸ್ಟ್ರಿಪ್ ಇರೋದು ಇಲ್ಲಿ. ಅದಕ್ಕೇ ಕೆಳಗೆ ಹೀಗಾಗಿದೆ" ಅಂತ ತಾನೇ ವಿವರಿಸಿದ. ಮೊಬೈಲಿನಲ್ಲಿ ಚೌಕದ ವಿಡಿಯೊ ಮಾಡಿಕೊಂಡ. ಫಾರಂನಲ್ಲಿ 'ಇತರೆ' ಒತ್ತಿ, ಏನು ಬರೆಯಲಿ ಅಂತ ನನ್ನನ್ನೇ ಕೇಳಿದ. ಹೇಳಿದೆ. ನೀಲಿಯ ಅಂಕಿಗಳನ್ನೂ ಸೇರಿಸಿದ. ಕಾಫಿ ಕುಡಿಯುತ್ತಾ, ಇಂಥ ದೂರು ಮೊದಲೂ ಕೇಳಿದ್ದೇನೆ, ಹೇಗೆ ನೋಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ ಅಂದ. ಆ ಹುಡುಗನ ಮೇಲೆ ನನಗೆ ಸಿಟ್ಟಿರಲಿಲ್ಲ. ಅವನ ಕೈಗೆ ಪಟ್ಟಿ ಕೊಟ್ಟವರು ಕಣ್ಣನ್ನು ಪಟ್ಟಿಯಿಂದ ಹೊರಗೆ ಬಿಟ್ಟಿದ್ದರು.

ಇದೇ ಸಮಯದಲ್ಲಿ ಓದಿದ ಒಂದು ಸಂಗತಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಎಲ್‌ಇಡಿ ತಯಾರಾದ ಮೇಲೆ ಎಲ್ಲದರ ಬಿಳಿಯೂ ಒಂದೇ ಇರುವುದಿಲ್ಲ. ಅಡಿಕೆ ಆರಿಸುವ ಹಾಗೆ ಅವುಗಳನ್ನು ಬಣ್ಣ ನೋಡಿ ಬೇರೆ ಬೇರೆ ರಾಶಿ ಮಾಡುತ್ತಾರೆ. ಎರಡು ಬಿಳಿಗಳ ನಡುವೆ ಎಷ್ಟು ವ್ಯತ್ಯಾಸ ಇದ್ದರೆ ಕಣ್ಣಿಗೆ ಗೊತ್ತಾಗುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ. ಅದನ್ನು ಕೊಟ್ಟವರು ಕೊಡಕ್ ಕಂಪನಿಯಲ್ಲಿದ್ದ ಡೇವಿಡ್ ಮೆಕ್ಆಡಮ್. 1942ರಲ್ಲಿ. ಆ ಪ್ರಯೋಗದಲ್ಲಿ ಎರಡು ಬಣ್ಣಗಳನ್ನು ಸರಿಹೊಂದಿಸಿ ನೋಡಿದ್ದು 25,000ಕ್ಕೂ ಹೆಚ್ಚು ಸಲ. ನೋಡಿದ್ದು ಹೆಚ್ಚೂಕಡಿಮೆ ಒಬ್ಬನೇ ವ್ಯಕ್ತಿ. ಒಬ್ಬ ಮನುಷ್ಯ ತಾಳ್ಮೆಯಿಂದ ಕೂತು ನೋಡಿದ್ದೇ ಇವತ್ತಿಗೂ ಎಲ್‌ಇಡಿ ಉದ್ಯಮದ ಅಳತೆಗೋಲು. ನಿಮಗೆ ಹಾಗೆ ಕಾಣುತ್ತಿರಬಹುದು ಅಂತ ಅವನಿಗೆ ಯಾರಾದರೂ ಹೇಳಿ ಎಬ್ಬಿಸಿ ಕಳಿಸಿದ್ದರೆ ಏನಾಗುತ್ತಿತ್ತು?

ಎರಡನೇ ಪ್ಯಾನೆಲ್

ಮೂರು ವಾರದ ಮೇಲೆ ಅದೇ ಹುಡುಗ ಹೊಸ ಪ್ಯಾನೆಲ್ ತಂದು ಹಾಕಿದ. ಆನ್ ಆದ ಕೂಡಲೇ ಇಬ್ಬರೂ ಬೂದು ಚೌಕ ಎಳೆದೆವು. ಹಳದಿ ಇತ್ತು, ಆದರೆ ಹುಡುಕಿದರೆ ಮಾತ್ರ ಕಾಣುವಷ್ಟು. ಆಮೇಲೆ ಸ್ಕ್ರೀನ್ ಪೂರ್ತಿ ಕಪ್ಪು ಮಾಡಿದೆವು. ಎಡಗಡೆ ಕೆಳಮೂಲೆಯಲ್ಲಿ ಬೆಳಕು ಸೋರುತ್ತಿತ್ತು. ಬಾಗಿಲ ಸಂದಿಯಿಂದ ಪಕ್ಕದ ಕೋಣೆಯ ದೀಪ ಇಣುಕಿದ ಹಾಗೆ. ತಲೆ ಅತ್ತಿತ್ತ ಮಾಡಿದರೂ ಹೋಗಲಿಲ್ಲ. ತಲೆ ಸರಿಸಿದಾಗ ಜೊತೆಗೇ ಸರಿಯುವ ಬೆಳಕು ಐಪಿಎಸ್ ಎಂಬ ಬಗೆಯ ಎಲ್‌ಸಿಡಿ ಪ್ಯಾನೆಲ್‌ಗಳ ಹುಟ್ಟುಗುಣ, ಅದಕ್ಕೆ ಯಾರೂ ಏನೂ ಮಾಡಲಾಗದು. ಸರಿಯದೆ ಒಂದೇ ಕಡೆ ಇರುವುದು ಸೋರಿಕೆ. ಚೌಕಟ್ಟು ಒಂದು ಕಡೆ ಜಾಸ್ತಿ ಒತ್ತಿದ್ದರೂ ಸಾಕು, ಹೀಗಾಗುತ್ತದೆ. ಬಟ್ಟೆಯಿಂದ ಆ ಮೂಲೆ ಮೆಲ್ಲಗೆ ತಿಕ್ಕಿದರೆ, ಸ್ಕ್ರೂ ಸಡಿಲ ಮಾಡಿದರೆ ಹೋಗುತ್ತದೆ ಅನ್ನುವವರಿದ್ದಾರೆ. ನನ್ನದರ ಗಾಜು ಅಂಟು ಹಾಕಿ ಕೂರಿಸಿದ್ದು. ಒತ್ತಿದರೆ ಒಳಗಿನ ಹಾಳೆಗಳಿಗೆ ಹೊಸ ಕಲೆ ಬೀಳುತ್ತದೆ. ಕೈ ಹಚ್ಚಲಿಲ್ಲ.

"ಇದನ್ನೂ ವಾಪಸ್ ಹಾಕ್ಲಾ ಮೇಡಂ?" ಅಂತ ಹುಡುಗ ಕೇಳಿದ. ಬೇಡ ಅಂದೆ. ನನ್ನ ಕೆಲಸ ಚರ್ಮದ ಬಣ್ಣ, ಸೀರೆಯ ಬಣ್ಣ, ಹೂವಿನ ಬಣ್ಣ. ಪೂರ್ತಿ ಕಪ್ಪು ಮೂಲೆ ನನಗೆ ಬೇಕಾಗುವುದೇ ಇಲ್ಲ. ರಾತ್ರಿ ಹೊತ್ತು ಸಿನಿಮಾ ನೋಡಲು ಕೊಂಡಿದ್ದರೆ ಮಾತು ಬೇರೆ. ಆಗ ಮೊದಲನೆಯದನ್ನೇ ಇಟ್ಟುಕೊಂಡು ಇದನ್ನು ಬೇಡ ಅನ್ನುತ್ತಿದ್ದೆನೇನೋ. ಎಲ್ಲರಿಗೂ ಒಂದೇ ಉತ್ತರ ಇಲ್ಲ ಇಲ್ಲಿ. ಬಣ್ಣ ತಿದ್ದುವ ಕೆಲಸಕ್ಕೆಂದೇ ಮಾಡಿದ ಮಾನಿಟರುಗಳಿವೆ. ಜಪಾನಿನ ಐಜೋ ತರಹದವರು ಸ್ಕ್ರೀನಿನ ಒಂದೊಂದು ಭಾಗವನ್ನೂ ಅಳೆದು, ಜಾಸ್ತಿ ಹೊಳೆಯುವ ಕಡೆ ತಗ್ಗಿಸಿ ಮಂಕು ಕಡೆಗೆ ಸಮ ಮಾಡುತ್ತಾರೆ. ದೊಡ್ಡಪ್ಪ ಮೂರನೇ ಪದರ ಬಟರ್ ಪೇಪರ್ ಹಚ್ಚುತ್ತಿದ್ದ ಹಾಗೆ. ಹೊಳಪು ಸ್ವಲ್ಪ ಕಳೆದುಕೊಳ್ಳಬೇಕು, ದುಡ್ಡು ಬಹಳ ಕೊಡಬೇಕು. ನನ್ನ ಕೈಗೆ ಸದ್ಯಕ್ಕೆ ಎಟುಕುವುದಲ್ಲ.

ಬೆಂಗಳೂರಿನ ಗೆಳತಿಯೊಬ್ಬಳಿಂದ ಕ್ಯಾಲಿಬ್ರೇಟರ್, ಅಂದರೆ ಸ್ಕ್ರೀನಿನ ಬಣ್ಣ ಅಳೆದು ತಿದ್ದುವ ಸಾಧನ, ತರಿಸಿಕೊಂಡು ಒಂಬತ್ತು ಕಡೆ ಅಳೆದೆ. ನಡುವಿನ ಹೊಳಪು 120 ನಿಟ್ಸ್ ಇಟ್ಟುಕೊಂಡರೆ ಮೂಲೆಗಳಲ್ಲಿ 104ರಿಂದ 109. ಒಂದು ವಿಷಯ ಇಲ್ಲಿ ಹೇಳಬೇಕು. ಕ್ಯಾಲಿಬ್ರೇಟರ್ ಸ್ಕ್ರೀನ್ ಪೂರ್ತಿಗೆ ಒಂದೇ ತಿದ್ದುಪಡಿ ಹಾಕುತ್ತದೆ. ಒಂದು ಮೂಲೆಯ ಹಳದಿಯನ್ನು ಅದು ತೆಗೆಯಲಾರದು. ಬಹಳ ಜನ ಅದೇ ಆಸೆಯಲ್ಲಿ ದುಡ್ಡು ಹಾಕುತ್ತಾರೆ. ನಾನು ಮಾಡಿಕೊಂಡದ್ದು ಸಣ್ಣ ಸಣ್ಣ ವ್ಯವಸ್ಥೆ. ಬೆಳಕು ಕಡಿಮೆ ಇಟ್ಟೆ, ಸೋರಿಕೆಯೂ ಅಷ್ಟಕ್ಕೆ ತಗ್ಗಿತು. ಮೇಜಿನ ಹಿಂದೆ ಗೋಡೆಗೆ ಒಂದು ಬಿಳಿ ದೀಪ ಹಾಕಿದೆ. ಬಣ್ಣ ನೋಡುವ ಫೋಟೊ ಯಾವಾಗಲೂ ನಡುವೆ, ಟೂಲ್‌ಗಳೆಲ್ಲ ಎಡಕ್ಕೆ ಮತ್ತು ಕೆಳಕ್ಕೆ. ಪ್ರೋಗ್ರಾಮಿನ ಹಿನ್ನೆಲೆ ಬೂದು. ನಿಂತ ಫೋಟೊ ಇದ್ದರೆ ಬ್ರಷ್ ಹಿಡಿಯುವ ಮೊದಲು ಒಂದು ಸಲ ತಲೆಕೆಳಗು ಮಾಡುತ್ತೇನೆ. ಮದುಮಗಳು ಪಾದ ಮೇಲೆ ಮಾಡಿ ನೇತಾಡುತ್ತಾಳೆ. ಬಣ್ಣ ಅವಳ ಜೊತೆ ತಿರುಗಿತೇ, ಸ್ಕ್ರೀನಿನಲ್ಲೇ ಉಳಿಯಿತೇ, ನೋಡುತ್ತೇನೆ.

ಆ ನಾಲ್ಕು ಫೋಟೊಗಳನ್ನು ಮತ್ತೆ ಮೊದಲಿನಿಂದ ಮಾಡಿದೆ. ಹೊಸ ಪುಟಗಳು ಬಂದ ಮೇಲೆ ಆಲ್ಬಮ್ ತಗೊಂಡು ಅವರ ಮನೆಗೆ ಹೋದೆ. ತಾಯಿ ಪುಟ ತೆರೆದವರು ಒಳಗಿನ ಟ್ಯೂಬ್‌ಲೈಟಿನಲ್ಲಿ ನೋಡಲೇ ಇಲ್ಲ. "ಇಲ್ಲಿ ಬೇಡ ಬನ್ನಿ" ಅಂತ ಜಗಲಿಗೆ ನಡೆದರು. ಸೀರೆ ಅಂಗಡಿಯಲ್ಲಿ ಬಣ್ಣ ನೋಡಲು ಬಾಗಿಲಿಗೆ ಬರುತ್ತಾರಲ್ಲ, ಹಾಗೆ. ಆಲ್ಬಮನ್ನು ಜಗಲಿಯ ಕಟ್ಟೆಯ ಮೇಲೆ ಬಿಡಿಸಿಟ್ಟು ಮತ್ತೆ ಒಳಗೆ ಹೋದರು. ಬರುವಾಗ ಕೈಯಲ್ಲಿ ಧಾರೆ ಸೀರೆಯೇ ಇತ್ತು. ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಎರಡು ಮಡಿಕೆ ಬಿಡಿಸಿ, ನಾಲ್ಕು ನೆರಿಗೆ ಹಿಡಿದು, ಫೋಟೊದಲ್ಲಿ ನೆರಿಗೆ ಇರುವಲ್ಲಿಗೇ ಸರಿಯಾಗಿ ಪಕ್ಕದಲ್ಲಿಟ್ಟರು. ಅಷ್ಟರಲ್ಲಿ ಬಿಸಿಲು ಮೋಡದ ಹಿಂದೆ ಹೋಯಿತು. "ಇರಿ, ಬರ್ತದೆ" ಅಂದರು. ಅವರು ನೆರಿಗೆ ಹಿಡಿದುಕೊಂಡೇ ಕೂತರು. ನಾನು ಪುಟದ ಮೂಲೆ ಹಿಡಿದುಕೊಂಡೆ. ಬಿಸಿಲು ಬರುವವರೆಗೆ ಇಬ್ಬರೂ ಕಾದೆವು.